ಬಡಾವಣೆಯ ತರಕಾರಿ ತೋಟಕ್ಕೆ ಅನುದಾನ: ಯಾವ ಖರ್ಚಿಗೆ ಯಾರ ಬಾಗಿಲು ತಟ್ಟಬೇಕು

ಸಮುದಾಯ ತೋಟಕ್ಕೆ ಹಣ ಕೇಳುವ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಮೂರು ಪ್ರಶ್ನೆಗಳಲ್ಲಿ. ಜಾಗ ಯಾರದು? ಏಪ್ರಿಲ್‌ನಲ್ಲಿ ನೀರು ಎಲ್ಲಿಂದ? ಎರಡನೇ ವರ್ಷ ಮಾಲಿಗೆ ಹಣ ಕೊಡುವವರು ಯಾರು? ಸಾವಯವ, ಹಸಿರು, ಸ್ವಾವಲಂಬನೆ ಎಂದು ನಾಲ್ಕು ಪುಟ ತುಂಬಿಸಿ ಈ ಮೂರಕ್ಕೆ ಒಂದೊಂದು ಸಾಲೂ ಬರೆಯದಿದ್ದರೆ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ ನಿಧಿ) ಅಧಿಕಾರಿಯಾಗಲಿ ಪಾಲಿಕೆಯ ಎಂಜಿನಿಯರ್ ಆಗಲಿ ಅರ್ಜಿಯನ್ನು ಪಕ್ಕಕ್ಕಿಡುತ್ತಾರೆ.

ಇನ್ನೊಂದು ತಪ್ಪು, ಇಡೀ ಯೋಜನೆಯ ಖರ್ಚನ್ನು ಒಂದೇ ಕಡೆ ಕೇಳುವುದು. ಶಾಸಕರ ನಿಧಿಯಿಂದ ನೀರಿನ ತೊಟ್ಟಿ ಕಟ್ಟಿಸಬಹುದು, ಮಾಲಿಗೆ ಸಂಬಳ ಕೊಡಿಸಲಾಗದು. ಕಂಪನಿ ಮಾಲಿಯ ಗೌರವಧನಕ್ಕೆ ಒಪ್ಪೀತು, ಸರ್ಕಾರಿ ಜಾಗಕ್ಕೆ ಕಾಂಪೌಂಡ್ ಹಾಕಿಸಲು ಹಿಂಜರಿಯುತ್ತದೆ. ತೋಟಗಾರಿಕೆ ಇಲಾಖೆಯಿಂದ ಬೀಜ, ಸಸಿ, ತರಬೇತಿ ಸಿಗಬಹುದು. ನಗದು ಸಿಗುವುದು ಕಷ್ಟ. ಒಂದೊಂದು ಖರ್ಚಿಗೂ ಹೊಂದುವ ಮೂಲ ಬೇರೆ. ಅದನ್ನು ಮೊದಲೇ ವಿಂಗಡಿಸಿಕೊಂಡವರಿಗೆ ಕೆಲಸ ಅರ್ಧ ಮುಗಿದಂತೆ.

ಮೊದಲು ಅಳತೆ

ಎಲ್ಲರಿಗೂ ಗೊತ್ತಿರುವ 30×40 ಅಡಿಯ ನಿವೇಶನವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. 10 ಅಡಿ ಉದ್ದ, 3 ಅಡಿ ಅಗಲದ ಏರುಮಡಿಗಳು ಎರಡು ಸಾಲು, ಸಾಲಿಗೆ 8. ಮಡಿಗಳ ನಡುವೆ 2 ಅಡಿ ಓಡಾಟದ ದಾರಿ, ಎರಡು ಸಾಲಿನ ನಡುವೆ ತಳ್ಳುಗಾಡಿ ಹೋಗುವಷ್ಟು 3 ಅಡಿ. ಇಷ್ಟು ಬಿಟ್ಟ ಮೇಲೆ ಒಂದು ಬದಿಯಲ್ಲಿ 7 ಅಡಿ ಅಗಲದ ಪಟ್ಟಿ ಉಳಿಯುತ್ತದೆ. ನೀರಿನ ಟ್ಯಾಂಕ್, ಕಾಂಪೋಸ್ಟ್ ತೊಟ್ಟಿ, ಹಾರೆ ಗುದ್ದಲಿ ಇಡುವ ಪೆಟ್ಟಿಗೆ ಎಲ್ಲ ಅಲ್ಲಿಗೆ. ಮಡಿ 3 ಅಡಿಗಿಂತ ಅಗಲವಾದರೆ ಹೆಂಗಸರಿಗೆ, ವಯಸ್ಸಾದವರಿಗೆ ನಡುಭಾಗಕ್ಕೆ ಕೈ ಎಟುಕುವುದಿಲ್ಲ. ಒಳಗೆ ಕಾಲಿಟ್ಟು ಮಣ್ಣು ಗಟ್ಟಿಯಾಗುತ್ತದೆ.

16 ಮಡಿ ಎಂದರೆ 480 ಚದರ ಅಡಿ, ಸುಮಾರು 45 ಚದರ ಮೀಟರ್ ಬೆಳೆಯುವ ಜಾಗ. ಒಂದು ಅಡಿ ಎತ್ತರಕ್ಕೆ ತುಂಬಲು 480 ಘನ ಅಡಿ ಮಿಶ್ರಣ ಬೇಕು. ಹೊಸದಾಗಿ ತುಂಬಿದ ಮಡಿ ಎರಡು ಮಳೆಗೆ ಕುಸಿಯುತ್ತದೆ, ಹಾಗಾಗಿ 560 ಘನ ಅಡಿ ಎಂದು ಬರೆಯಿರಿ: 280 ಕೆಂಪು ಮಣ್ಣು, 140 ಕಾಂಪೋಸ್ಟ್, 140 ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಮರಳು. ಕುಸಿತ ಲೆಕ್ಕಕ್ಕೆ ಹಿಡಿಯದ ತೋಟಗಳಲ್ಲಿ ಮೂರನೇ ತಿಂಗಳಿಗೆ ಮಡಿ ಮುಕ್ಕಾಲು ಅಡಿಗೆ ಇಳಿದಿರುತ್ತದೆ, ಮತ್ತೆ ಮಣ್ಣು ತರಿಸಲು ದುಡ್ಡಿರುವುದಿಲ್ಲ.

ನೀರು: ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಹಿಡಿದರೆ 225 ಲೀಟರ್. 1,000 ಲೀಟರ್ ಟ್ಯಾಂಕ್ ನಾಲ್ಕು ದಿನಕ್ಕೆ ಬರುತ್ತದೆ. ಪಕ್ಕದಲ್ಲಿ ಶಾಲೆಯದೋ ಸಮುದಾಯ ಭವನದದೋ 100 ಚದರ ಮೀಟರ್ ತಾರಸಿ ಇದ್ದು, ವರ್ಷಕ್ಕೆ 900 ಮಿ.ಮೀ. ಮಳೆ ಬೀಳುವ ಊರಾದರೆ, ಸೋರಿಕೆ ಕಳೆದು 70,000 ಲೀಟರಿನಷ್ಟು ಹಿಡಿಯಬಹುದು. ಆದರೆ ಅದನ್ನು ಶೇಖರಿಸುವ ತೊಟ್ಟಿ ದೊಡ್ಡದಿರಬೇಕು. ಮಳೆನೀರು ಕೊಯ್ಲು ಎಂದು ಬರೆದು 1,000 ಲೀಟರ್ ಟ್ಯಾಂಕ್ ತೋರಿಸಿದರೆ ಎಂಜಿನಿಯರ್ ನಗುತ್ತಾರೆ, ನಗಬೇಕಾದ್ದೇ.

ಈಗ ಮುಖ್ಯವಾದ ಲೆಕ್ಕ, ಬೆಳೆ ಎಷ್ಟು. ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆ ಮುಂತಾದ ಸೊಪ್ಪಿಗೆ ಚದರ ಮೀಟರಿಗೆ ತಿಂಗಳಿಗೆ 1 ಕೆಜಿ ಎಂದು ಹಿಡಿಯಿರಿ. ಕೈ ಪಳಗಿದ ಮೇಲೆ ಜಾಸ್ತಿ ಬರುತ್ತದೆ, ಅರ್ಜಿಯಲ್ಲಿ ಜಾಸ್ತಿ ಬರೆಯಬೇಡಿ. 45 ಚದರ ಮೀಟರಿಗೆ ತಿಂಗಳಿಗೆ 45 ಕೆಜಿ. 16 ಕುಟುಂಬಕ್ಕೆ ಹಂಚಿದರೆ ತಲಾ 2.8 ಕೆಜಿ, ಅಂದರೆ ವಾರಕ್ಕೆ 650ರಿಂದ 700 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು ಬೇಕೆನ್ನುತ್ತದೆ. ನಾಲ್ಕು ಜನರ ಮನೆಗೆ ವಾರಕ್ಕೆ 11 ಕೆಜಿಗೂ ಹೆಚ್ಚು. ನಿಮ್ಮ ತೋಟ ಕೊಡುವುದು ಅದರಲ್ಲಿ ನೂರಕ್ಕೆ ಆರು ಪಾಲು.

ಹಾಗಾಗಿ "ಬಡಾವಣೆಯ ಆಹಾರ ಭದ್ರತೆ" ಎಂದು ಬರೆಯಬೇಡಿ. ಅರ್ಜಿ ಓದುವವರು ಕ್ಯಾಲ್ಕುಲೇಟರ್ ತೆಗೆದರೆ ಅಲ್ಲಿಗೆ ಮುಗಿಯಿತು. "16 ಮನೆಗಳಿಗೆ ವಾರಕ್ಕೆ ಎರಡು ಸಲ ತಾಜಾ ಸೊಪ್ಪು" ಎಂದು ಬರೆಯಿರಿ. ಅದು ನಿಜ, ಅಳೆಯಲು ಬರುತ್ತದೆ, ಸೊಪ್ಪು ಕೊಳ್ಳುವುದನ್ನೇ ಬಿಟ್ಟಿರುವ ಮನೆಗಳಲ್ಲಿ ಅದರ ಬೆಲೆಯೂ ಕಡಿಮೆಯಲ್ಲ. ಹೆಚ್ಚು ಜನರಿಗೆ ತಲುಪಬೇಕೆಂದರೆ ಮನೆಗಳ ಸಂಖ್ಯೆ ಏರಿಸುವ ಬದಲು ಒಂದು ಅಂಗನವಾಡಿಯನ್ನು ಸೇರಿಸಿಕೊಳ್ಳಿ: ನಾಲ್ಕು ಮಡಿಯ ಸೊಪ್ಪು ಅಲ್ಲಿನ ಮಕ್ಕಳ ಸಾಂಬಾರಿಗೆ. ಇದಕ್ಕೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯಿಂದ ಒಂದು ಪತ್ರ ತರಿಸಿಕೊಂಡು ಅರ್ಜಿಗೆ ಲಗತ್ತಿಸಿ. ನಾಲ್ಕು ಪುಟದ ವಿವರಣೆಗಿಂತ ಆ ಒಂದು ಹಾಳೆಗೆ ತೂಕ ಜಾಸ್ತಿ.

ಜಾಗದ ಕಾಗದ

ಪಾಲಿಕೆ ಅಥವಾ ಪುರಸಭೆಯ ಉದ್ಯಾನದ ಮೂಲೆ ಸುಲಭವಾಗಿ ಸಿಗುವಂತೆ ಕಾಣುತ್ತದೆ. ಆದರೆ ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆ 1985ರ ಕಾಯ್ದೆಯೇ ಇದೆ. ಉದ್ಯಾನವನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದಕ್ಕೆ ಅದು ಅಡ್ಡ ಬರುತ್ತದೆ. ತರಕಾರಿ ಮಡಿಯನ್ನು ಉದ್ಯಾನದ ಭಾಗವೆಂದೇ ತೋರಿಸಿ, ಬೇಲಿ ಹಾಕಿ ಜನರನ್ನು ಹೊರಗಿಡುವುದಿಲ್ಲ, ಕಟ್ಟಡ ಕಟ್ಟುವುದಿಲ್ಲ, ಮಾರಾಟ ಮಾಡುವುದಿಲ್ಲ ಎಂದು ಬರೆದು ತೋಟಗಾರಿಕೆ ವಿಭಾಗದಿಂದ ಲಿಖಿತ ಅನುಮತಿ ಪಡೆಯಿರಿ. ಮುಂದೆ ಸೊಪ್ಪು ಮಾರುವ ಯೋಚನೆ ಇದ್ದರೆ ಈಗಲೇ ಕೇಳಬೇಕು. ಅನುಮತಿಪತ್ರದಲ್ಲಿ ಇಲ್ಲದ ಮಾರಾಟಕ್ಕೆ ಯಾರಾದರೂ ಒಬ್ಬರು ದೂರು ಕೊಟ್ಟರೆ ತೋಟವೇ ಎದ್ದುಹೋಗುತ್ತದೆ. ವಾರ್ಡ್ ಸದಸ್ಯರ ಬಾಯಿಮಾತು, "ನೀವು ಮಾಡಿ, ನಾನಿದ್ದೀನಿ" ಎಂಬ ಭರವಸೆ, ಇವು ಚುನಾವಣೆವರೆಗೆ ಮಾತ್ರ.

ಬೆಂಗಳೂರಿನವರಿಗೆ ಒಂದು ಎಚ್ಚರಿಕೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಹಳೆಯ ಬಿಬಿಎಂಪಿ ಪತ್ರವನ್ನೇ ಲಗತ್ತಿಸುವ ಬದಲು ನಿಮ್ಮ ವಾರ್ಡ್ ಈಗ ಯಾವ ಪಾಲಿಕೆಗೆ ಸೇರಿದೆ ನೋಡಿ, ಆ ಕಚೇರಿಯಿಂದ ಹೊಸದಾಗಿ ಬರೆಸಿಕೊಳ್ಳಿ.

ಸರ್ಕಾರಿ ಶಾಲೆಯ ಆವರಣವಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಿರ್ಣಯದ ಪ್ರತಿ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಅನುಮತಿ, ಎರಡೂ ಬೇಕು. ಬೇಸಿಗೆ ರಜೆಯಲ್ಲಿ ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ಅದರಲ್ಲೇ ಬರೆಸಿ. ಶಾಲೆಯ ತೋಟಗಳು ಒಣಗುವುದು ಏಪ್ರಿಲ್ ಮೇ ತಿಂಗಳಲ್ಲಿ, ನೀರಿಲ್ಲದೆ ಅಲ್ಲ, ಬೀಗ ತೆಗೆಯುವವರಿಲ್ಲದೆ.

ಖಾಸಗಿ ನಿವೇಶನದ ಮಾಲೀಕರು ರೂಢಿಯಂತೆ 11 ತಿಂಗಳ ಕರಾರಿಗೆ ಒಪ್ಪುತ್ತಾರೆ, ಏಕೆಂದರೆ ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು. ಹಣ ಕೊಡುವವರು ಕೇಳುವುದು ಮೂರು ವರ್ಷ. ನೋಂದಣಿಗೆ ಮಾಲೀಕರು ಒಪ್ಪದಿದ್ದರೆ ಆ ಜಾಗಕ್ಕೆ ಕಿತ್ತುಕೊಂಡು ಹೋಗಲು ಬರುವ ಸಾಮಾನಿಗಷ್ಟೇ ಹಣ ಕೇಳಿ: ಗ್ರೋ ಬ್ಯಾಗ್, ಹನಿ ನೀರಾವರಿ ಪೈಪು, ಟ್ಯಾಂಕ್, ನೆರಳು ಪರದೆ. ಖಾಲಿ ಮಾಡಲು 90 ದಿನದ ನೋಟಿಸ್ ಎಂಬ ಷರತ್ತು ಕರಾರಿನಲ್ಲಿರಲಿ, ಬಿತ್ತಿದ ಬೆಳೆ ಕೊಯ್ದುಕೊಳ್ಳಲು ಅಷ್ಟು ಸಾಕು.

ಮಣ್ಣಿನ ಪರೀಕ್ಷೆಯ ವರದಿಯೂ ಜಾಗದ ಕಾಗದವೇ. ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ, ಬದಿಯಿಂದ ಒಂದು ಪದರ ಮಣ್ಣು ಕೆರೆದುಕೊಳ್ಳಿ. ಎಲ್ಲವನ್ನೂ ಬೆರೆಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡಿ, ಅರ್ಧ ಕೆಜಿ ಉಳಿಯುವವರೆಗೆ ಇದನ್ನೇ ಮಾಡಿ. ನೆರಳಲ್ಲಿ ಒಣಗಿಸಿ ಬಟ್ಟೆಚೀಲದಲ್ಲಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೋ ಕೊಡಿ. ಜೊತೆಗೆ ಒಂದು ಲೀಟರ್ ಬೋರ್‌ವೆಲ್ ನೀರು. ಕಟ್ಟಡದ ಅವಶೇಷ ಸುರಿದ ನಿವೇಶನಗಳಲ್ಲಿ ಸಿಮೆಂಟಿನ ಸುಣ್ಣದಿಂದ ಪಿಎಚ್ 8 ದಾಟಿರುವುದು ಮಾಮೂಲು. ಅಲ್ಲಿ ನೇರವಾಗಿ ಬಿತ್ತಿದರೆ ಎಲೆ ಹಳದಿಯಾಗುತ್ತದೆ, ಏಕೆಂದರೆ ಕಬ್ಬಿಣಾಂಶ ಗಿಡಕ್ಕೆ ಸಿಗುವುದಿಲ್ಲ. ನೀರಿನ ಇಸಿ, ಅಂದರೆ ಕರಗಿದ ಲವಣದ ಅಳತೆ, ಮೀಟರಿಗೆ 0.75 ಡೆಸಿಸೀಮೆನ್ಸ್ ಒಳಗಿದ್ದರೆ ಚಿಂತೆಯಿಲ್ಲ. ಮೇಲೆ ಹೋದಂತೆ ಮೊದಲು ಸೊರಗುವುದು ಹುರುಳಿಕಾಯಿ. ಬೀಟ್‌ರೂಟ್, ಪಾಲಕ್ ತಾಳಿಕೊಳ್ಳುತ್ತವೆ. ದೊಡ್ಡ ರಸ್ತೆ, ಗ್ಯಾರೇಜು, ಹಳೆ ಕಾರ್ಖಾನೆ ಪಕ್ಕದ ಜಾಗವಾದರೆ ಸೀಸದ ಪರೀಕ್ಷೆಯನ್ನೂ ಮಾಡಿಸಿ. ಬೆಂಗಳೂರಲ್ಲಿ ಚರಂಡಿ ನೀರಿನ ತರಕಾರಿಯ ಸುದ್ದಿ ಓದದ ಅಧಿಕಾರಿ ಇಲ್ಲ, ಈ ಪ್ರಶ್ನೆ ಬಂದೇ ಬರುತ್ತದೆ.

ಅರ್ಜಿ ಹಾಕುವವರು ಯಾರು

ಬಡಾವಣೆಯ ನಿವಾಸಿಗಳ ಸಂಘ ತನ್ನ ಹೆಸರಲ್ಲಿ ಸಿಎಸ್‌ಆರ್ ಹಣ ಪಡೆಯುವುದು ಬಹುತೇಕ ಆಗದ ಮಾತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಕಟ್ಟಬಹುದು, ಅಷ್ಟಕ್ಕೇ ಕಂಪನಿ ಹಣ ಕೊಡುವಂತಿಲ್ಲ. ಪಡೆಯುವ ಸಂಸ್ಥೆಗೆ 12ಎ ಮತ್ತು 80ಜಿ ಎಂದು ರೂಢಿಯಲ್ಲಿರುವ ಆದಾಯ ತೆರಿಗೆ ನೋಂದಣಿ ಎರಡೂ ಇರಬೇಕು, ಇಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಅರ್ಜಿ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. ಈ ಸಂಖ್ಯೆ 2021ರ ಏಪ್ರಿಲ್ 1ರಿಂದ ಕಡ್ಡಾಯ. ಸರ್ಕಾರಿ ಅನುದಾನಗಳಿಗೆ ನೀತಿ ಆಯೋಗದ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ನೋಂದಣಿ ಜಾಲತಾಣ) ಸಂಖ್ಯೆಯನ್ನೂ ಕೇಳುತ್ತಾರೆ.

ಇವೆಲ್ಲ ಇಲ್ಲದ ಸಂಘ ಹೊಸ ಟ್ರಸ್ಟ್ ಮಾಡಿಸಲು ಓಡಬೇಕಿಲ್ಲ. ಮಾಡಿಸಿದರೂ ಮೂರು ವರ್ಷ ಕಾಯಬೇಕು. ಊರಲ್ಲಿ ಆಗಲೇ ಇರುವ ನೋಂದಾಯಿತ ಟ್ರಸ್ಟಿನ ಮೂಲಕ ಹೋಗುವುದು ಹತ್ತಿರದ ದಾರಿ. ಹಣ ಟ್ರಸ್ಟಿನ ಖಾತೆಗೆ ಬರುತ್ತದೆ, ಕೆಲಸ ಸಂಘ ಮಾಡುತ್ತದೆ. ಇಬ್ಬರ ನಡುವೆ ಒಂದು ಒಡಂಬಡಿಕೆ ಬರೆದುಕೊಳ್ಳಿ: ಬಿಲ್ ಕೊಟ್ಟ ಎಷ್ಟು ದಿನಕ್ಕೆ ಟ್ರಸ್ಟ್ ಹಣ ಬಿಡುಗಡೆ ಮಾಡಬೇಕು, ಟ್ರಸ್ಟಿನ ನಿರ್ವಹಣಾ ಖರ್ಚು ಎಷ್ಟು, ಸಾಮಾನು ಯಾರ ಸ್ವತ್ತು. ಸ್ನೇಹದ ಮೇಲೆ ನಡೆಸಿದ ಇಂಥ ಏರ್ಪಾಡುಗಳು ಮೊದಲ ಬಿಲ್ಲಿಗೇ ಕೆಡುತ್ತವೆ.

ಸ್ತ್ರೀಶಕ್ತಿ ಸಂಘ ಅಥವಾ ಸ್ವಸಹಾಯ ಸಂಘ ಜೊತೆಗಿದ್ದರೆ ಇನ್ನೊಂದು ಅನುಕೂಲ. ಸಿಎಸ್‌ಆರ್ ನಿಯಮದ ಪ್ರಕಾರ ಹಣದಿಂದ ಕೊಂಡ ಆಸ್ತಿ ಕಂಪನಿಯ ಹೆಸರಲ್ಲಿ ಇರುವಂತಿಲ್ಲ. ಸಿಎಸ್‌ಆರ್ ಸಂಖ್ಯೆಯುಳ್ಳ ಸಂಸ್ಥೆ, ಫಲಾನುಭವಿಗಳ ಸ್ವಸಹಾಯ ಸಂಘ ಇಲ್ಲವೇ ಸರ್ಕಾರಿ ಪ್ರಾಧಿಕಾರ, ಇವುಗಳಲ್ಲಿ ಒಂದರ ಹೆಸರಲ್ಲಿರಬೇಕು. ಪಂಪು, ಟ್ಯಾಂಕು, ಹನಿ ನೀರಾವರಿ ಸೆಟ್ಟು ಮಹಿಳಾ ಸಂಘದ ಹೆಸರಿಗೆ ಎಂದು ಅರ್ಜಿಯಲ್ಲೇ ಬರೆದರೆ ಕಂಪನಿಯ ಲೆಕ್ಕಪರಿಶೋಧಕರ ಒಂದು ಪ್ರಶ್ನೆ ಕಡಿಮೆಯಾಗುತ್ತದೆ.

ಗೇಟು ಹಾಕಿಕೊಂಡ ಅಪಾರ್ಟ್‌ಮೆಂಟಿನವರು ತಮ್ಮದೇ ತಾರಸಿ ತೋಟಕ್ಕೆ ಸಿಎಸ್‌ಆರ್ ಕೇಳುವುದು ವ್ಯರ್ಥ. ಸಾರ್ವಜನಿಕರಿಗೆ ಪ್ರಯೋಜನ ತೋರಿಸಲಾಗದು. ಅದಕ್ಕೆ ನಿರ್ವಹಣಾ ಶುಲ್ಕವೇ ದಾರಿ.

ಹಣದ ಮೂಲಗಳು

ನಗರ ಸ್ಥಳೀಯ ಸಂಸ್ಥೆಯ ಬಜೆಟ್ಟಿನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲು ಎಂಬುದು ಪುರಸಭೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು. ತೋಟ ಇರುವುದು ಪರಿಶಿಷ್ಟರ ಕಾಲೊನಿಯಲ್ಲಾದರೆ, ಇಲ್ಲವೇ ಮಡಿ ಹಂಚಿಕೊಂಡವರು ಈ ವರ್ಗಗಳವರಾದರೆ, ನೀರಿನ ಸಂಪರ್ಕ, ತೊಟ್ಟಿ, ಗಾಲಿಕುರ್ಚಿ ಹೋಗುವ ದಾರಿ, ಎತ್ತರದ ಮಡಿಗಳನ್ನು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿಸಲು ಕೇಳಿ. ಕೇಳಬೇಕಾದ್ದು ಬಜೆಟ್ ತಯಾರಾಗುವ ಜನವರಿ ಫೆಬ್ರುವರಿಯಲ್ಲಿ. ಕ್ರಿಯಾ ಯೋಜನೆ ಮಂಜೂರಾದ ಮೇಲೆ ಹೋದವರಿಗೆ "ಮುಂದಿನ ವರ್ಷ ನೋಡೋಣ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ. ಅದು ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗೆ ಮಾತ್ರ, ಹಣವೂ ನಿಮ್ಮ ಖಾತೆಗೆ ಬರುವುದಿಲ್ಲ. ಶಾಸಕರು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಂಜೂರು ಮಾಡಿ ಅನುಷ್ಠಾನ ಸಂಸ್ಥೆಗೆ ಕೊಡುತ್ತದೆ. ಬೋರ್‌ವೆಲ್, ತಂತಿಬೇಲಿ, ತೊಟ್ಟಿ ಈ ಬಾಬಿಗೆ ಸರಿ. ಖಾಸಗಿ ನಿವೇಶನಕ್ಕೆ ಕೇಳಬೇಡಿ.

ಸಿಎಸ್‌ಆರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ, ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆಯಲ್ಲಿದೆ. ಹಾಗಾಗಿ ಹೆಸರುವಾಸಿ ಐಟಿ ಕಂಪನಿಗಳ ಬಾಗಿಲಲ್ಲಿ ನಿಲ್ಲುವ ಮೊದಲು ನಿಮ್ಮೂರ ಕೈಗಾರಿಕಾ ಪ್ರದೇಶ ನೋಡಿ: ಪೀಣ್ಯ, ಹೂಟಗಳ್ಳಿ, ತಾರಿಹಾಳ, ಬೈಕಂಪಾಡಿ. 5 ಕೋಟಿ ಲಾಭದ ಕಾರ್ಖಾನೆಯ ಪಾಲು 10 ಲಕ್ಷದ ಸುಮಾರು. ಅಂಥವರಿಗೆ ಪ್ರತ್ಯೇಕ ಸಿಎಸ್‌ಆರ್ ವಿಭಾಗ ಇರುವುದಿಲ್ಲ, ಮಾನವ ಸಂಪನ್ಮೂಲ ಅಧಿಕಾರಿಯೇ ನೋಡಿಕೊಳ್ಳುತ್ತಾರೆ. ಹತ್ತಿರದಲ್ಲಿ ನಡೆಯುವ, ಹೋಗಿ ನೋಡಿ ಬರಬಹುದಾದ ಎರಡು ಲಕ್ಷದ ಯೋಜನೆ ಅವರಿಗೂ ಹಿತ.

ಕಂಪನಿಗೆ ವೆಬ್‌ಸೈಟ್ ಇದ್ದರೆ ಸಿಎಸ್‌ಆರ್ ಸಮಿತಿ, ನೀತಿ, ಮಂಡಳಿ ಒಪ್ಪಿದ ಯೋಜನೆಗಳನ್ನು ಅಲ್ಲಿ ಹಾಕಲೇಬೇಕು. ವಾರ್ಷಿಕ ವರದಿಯ ಸಿಎಸ್‌ಆರ್ ಅನುಬಂಧ ತೆಗೆದು ಓದಿ. ಯಾವ ಜಿಲ್ಲೆ, ಯಾವ ಸಂಸ್ಥೆ, ಎಷ್ಟು ಹಣ ಎಂಬ ವಿವರವನ್ನು ಹಲವು ಕಂಪನಿಗಳು ಅಲ್ಲಿ ಕೊಟ್ಟಿರುತ್ತವೆ. ಅವರು ಕೊಡುವ ಅತಿ ಚಿಕ್ಕ ಮೊತ್ತ 25 ಲಕ್ಷವಾದರೆ ನಿಮ್ಮ 3 ಲಕ್ಷದ ಅರ್ಜಿ ಅವರಿಗೆ ತಲೆನೋವು.

ಕಾಯ್ದೆಯ 7ನೇ ಪರಿಶಿಷ್ಟದ ಒಂದೇ ಬಾಬನ್ನು ಹಿಡಿಯಿರಿ. ಹಸಿವು, ಅಪೌಷ್ಟಿಕತೆ ನಿವಾರಣೆ ಮೊದಲನೆಯದು. ಅಂಗನವಾಡಿ ಜೊತೆಗಿದ್ದರೆ ಇದೇ ಸರಿ. ಮಹಿಳೆಯರ ಜೀವನೋಪಾಯವಾದರೆ ಎರಡನೆಯದು. ಮಣ್ಣು, ನೀರು, ಪರಿಸರ ನಾಲ್ಕನೆಯದು. ಕೊಳೆಗೇರಿ ಅಭಿವೃದ್ಧಿ ಎಂದು ಬರೆಯುವುದಾದರೆ ಅದು ಸರ್ಕಾರ ಘೋಷಿಸಿದ ಕೊಳೆಗೇರಿ ಎಂಬ ದಾಖಲೆ ಬೇಕು. ನಾಲ್ಕೂ ಬಾಬು ಬರೆದವರ ಅರ್ಜಿ ಯಾವ ಕಡತಕ್ಕೂ ಸೇರುವುದಿಲ್ಲ.

ಆರ್ಥಿಕ ವರ್ಷ ಮುಗಿಯುವ ಮುನ್ನ, ಜನವರಿಯಿಂದ ಮಾರ್ಚ್‌ವರೆಗೆ, ಉಳಿದ ಹಣ ಖರ್ಚು ಮಾಡುವ ಅವಸರ ಹಲವರಿಗಿರುತ್ತದೆ. ಆಗ ಕೊಡಲು ಎರಡು ಪುಟದ, ಒಂದರಿಂದ ಮೂರು ಲಕ್ಷದ, ಕೊಟೇಶನ್ ಸಮೇತ ಸಿದ್ಧ ಪ್ರಸ್ತಾವ ಇಟ್ಟುಕೊಂಡಿರಿ. ದೊಡ್ಡದನ್ನು ಮುಂದಿನ ವರ್ಷದ ಯೋಜನೆಗೆ ಅದೇ ಸಮಯದಲ್ಲಿ ಕೊಡಬೇಕು.

"ಸಿಎಸ್‌ಆರ್ ಹಣ ಕೊಡಿಸುತ್ತೇವೆ, ಶೇಕಡಾ ಇಷ್ಟು ಮುಂಗಡ" ಎನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಬಂದ ಹಣದಲ್ಲಿ ಒಂದು ಪಾಲು ವಾಪಸ್ ಕೊಡಿ ಎನ್ನುವವರೂ ಇದ್ದಾರೆ. ಅದು ಜೈಲಿನ ದಾರಿ.

ವಿದೇಶದಲ್ಲಿರುವ ಕನ್ನಡ ಸಂಘಗಳು, ನೆಂಟರಿಷ್ಟರು ಕೊಡುತ್ತೇವೆಂದರೆ ಖುಷಿಪಡುವ ಮೊದಲು ವಿದೇಶಿ ದೇಣಿಗೆ ಕಾಯ್ದೆ ನೆನಪಿರಲಿ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಂಸ್ಥೆ ವಿದೇಶಿ ಮೂಲದ ಹಣ ಪಡೆಯುವಂತಿಲ್ಲ. ನೋಂದಣಿ ಇರುವ ಸಂಸ್ಥೆ ಪಡೆದು ನಿಮಗೆ ದಾಟಿಸುವುದನ್ನೂ 2020ರ ತಿದ್ದುಪಡಿ ನಿಲ್ಲಿಸಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗದು. ಪಾಸ್‌ಪೋರ್ಟಿನ ಪ್ರತಿ ಪಡೆದು ಕಡತದಲ್ಲಿಡಿ.

ಬೀಜಕ್ಕೆ ದುಡ್ಡು ಕೇಳುವ ಬದಲು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳ ಹೆಸರನ್ನೇ ಪಟ್ಟಿಯಲ್ಲಿ ಬರೆಯಿರಿ: ಅರ್ಕಾ ಸುಗುಣ ದಂಟು, ಅರ್ಕಾ ಅನುಪಮ ಪಾಲಕ್, ಅರ್ಕಾ ಅನಾಮಿಕ ಬೆಂಡೆ. ಮೊದಲೆರಡು ಮತ್ತೆ ಮತ್ತೆ ಕೊಯ್ಯುವ ಸೊಪ್ಪು; ಒಂದು ಬಿತ್ತನೆಗೆ ಮೂರು ನಾಲ್ಕು ಕೊಯ್ಲು ಬಂದರೆ ಹೊಸಬರಿಗೂ ಉತ್ಸಾಹ ಉಳಿಯುತ್ತದೆ. ಈ ಬೀಜ ದುಬಾರಿಯಲ್ಲ.

ಅಂದಾಜು ಪಟ್ಟಿ

"ಮಣ್ಣು ಗೊಬ್ಬರ: 40,000 ರೂ." ಎಂಬ ಸಾಲು ಯಾರಿಗೂ ಏನೂ ಹೇಳುವುದಿಲ್ಲ. "ಕೆಂಪು ಮಣ್ಣು, 280 ಘನ ಅಡಿ, 100 ಘನ ಅಡಿಯ 3 ಟ್ರ್ಯಾಕ್ಟರ್ ಟ್ರಾಲಿ, ಟ್ರಾಲಿಗೆ ಇಷ್ಟು, ಕೊಟೇಶನ್ ಸಂಖ್ಯೆ 2" ಎಂದು ಬರೆಯಿರಿ. ಟ್ರಾಲಿ ಒಳಗೆ ಬರದ ಗಲ್ಲಿಯಾದರೆ ರಸ್ತೆಯಿಂದ ಮಡಿಗೆ ಹೊರುವ ಆಳಿನ ಕೂಲಿ ಬೇರೆ ಸಾಲು. ಇದನ್ನು ಮರೆಯುವವರೇ ಹೆಚ್ಚು, ಮಣ್ಣಿನ ಬೆಲೆಯಷ್ಟೇ ಅದೂ ಆಗಿಬಿಡುತ್ತದೆ.

ಒಟ್ಟು ಮೊತ್ತದ ಮೂರನೇ ಒಂದು ಭಾಗವಾದರೂ ಜನರಿಗೆ, ಅಂದರೆ ಮಾಲಿ, ತರಬೇತಿ, ಲೆಕ್ಕ ಬರೆಯುವವರಿಗೆ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ಹಣ ಕೊಡುವವರು ಸಾಮಾನಿಗೆ ಕೊಡಲು ಇಷ್ಟಪಡುತ್ತಾರೆ, ಫಲಕ ಹಾಕಬಹುದಲ್ಲ! ಆದರೆ ನೀರು ಹಾಯಿಸುವವರಿಲ್ಲದ ತೋಟದಲ್ಲಿ ಮೂರು ತಿಂಗಳಿಗೆ ಉಳಿಯುವುದು ಫಲಕ ಮಾತ್ರ. "ಆಡಳಿತ ವೆಚ್ಚ ಶೇ 5 ಮೀರುವಂತಿಲ್ಲ" ಎಂದು ಕಂಪನಿಯವರು ಹೇಳಿದರೆ ವಿನಯದಿಂದಲೇ ತಿದ್ದಿ: ನಿಯಮದ ಆ ಮಿತಿ ಕಂಪನಿಯು ಸಿಎಸ್‌ಆರ್ ನಿರ್ವಹಣೆಗೆ ತಾನೇ ಮಾಡಿಕೊಳ್ಳುವ ಸಾಮಾನ್ಯ ಆಡಳಿತ ಖರ್ಚಿಗೆ, ಯೋಜನೆಯಲ್ಲಿ ದುಡಿಯುವ ಮಾಲಿಯ ಕೂಲಿಗಲ್ಲ. ಇಷ್ಟಾದರೂ ಕೆಲವರು ಒಪ್ಪರು, ಅದು ಅವರ ಸ್ವಂತ ನೀತಿ.

ಎರಡನೇ ವರ್ಷದ ಲೆಕ್ಕವನ್ನು ಬಿಡಿಯಾಗಿ ತೋರಿಸಿ. 16 ಮನೆ, ತಿಂಗಳಿಗೆ ತಲಾ 100 ರೂ., ಒಟ್ಟು 1,600. ಇದರಲ್ಲಿ ದಿನವಿಡೀ ಮಾಲಿ ಇಡಲಾಗದು ಎಂದು ನೀವೇ ಬರೆದುಬಿಡಿ. ವಾರಕ್ಕೆ ಎರಡು ಅರ್ಧ ದಿನ ಮಾಲಿ, ಉಳಿದ ದಿನ ಸರದಿಯಲ್ಲಿ ಮನೆಯವರು, ಹನಿ ನೀರಾವರಿಗೆ ಟೈಮರ್. ಸರದಿಯ ಪಟ್ಟಿಯನ್ನು ಹೆಸರು, ಸಹಿ ಸಮೇತ ಲಗತ್ತಿಸಿ. ಮೊದಲ ವರ್ಷದಿಂದಲೇ ಈ ವಂತಿಗೆ ಕಟ್ಟಿಸಿಕೊಂಡರೆ "ಸಮುದಾಯದ ಪಾಲು" ಎಂದು ತೋರಿಸಲು ಪಾಸ್‌ಬುಕ್ಕೇ ಸಾಕ್ಷಿ.

ಮಂಜೂರಾದ ಮೇಲೆ

ಹಣ ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ. ಕೊನೆಯ ಕಂತು ಹಲವು ಕಡೆ ವರದಿ ಕೊಟ್ಟ ಮೇಲೆಯೇ. ಅಷ್ಟನ್ನು ಮೊದಲು ಕೈಯಿಂದ ಹಾಕಲು ಶಕ್ತಿ ಇದೆಯೇ ನೋಡಿಕೊಂಡು ಸಹಿ ಮಾಡಿ. ಇಲ್ಲದಿದ್ದರೆ ಮೊದಲ ಕಂತು ದೊಡ್ಡದಿರಲಿ ಎಂದು ಸಹಿಗೆ ಮೊದಲೇ ಕೇಳಬೇಕು. ಒಪ್ಪಂದದಲ್ಲಿ "ಸೇವಾ ಶುಲ್ಕ" ಎಂಬ ಪದ ನುಸುಳಿದ್ದರೆ ತೆಗೆಸಿ "ಅನುದಾನ" ಎಂದು ಬರೆಸಿ. ಆ ಒಂದು ಪದದಿಂದ ಕಂಪನಿಯ ಲೆಕ್ಕ ವಿಭಾಗ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿದು ಹಣ ಕಳಿಸುತ್ತದೆ, ಅದನ್ನು ಮರಳಿ ಪಡೆಯಲು ವರ್ಷ ಹಿಡಿಯುತ್ತದೆ.

ತಿಂಗಳನ್ನೂ ನೋಡಿ. ಹಣ ಜುಲೈಯಲ್ಲಿ ಬಂದರೆ ಮಳೆಯಲ್ಲಿ ಟ್ರಾಲಿ ಹೂತುಕೊಳ್ಳುತ್ತದೆ, ಹಸಿ ಮಣ್ಣು ತುಂಬಿದ ಮಡಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮಳೆಗಾಲದ ಎಳೆ ಸಸಿಗೆ ಬುಡ ಕೊಳೆ ಬೇರೆ. ಅಂಥ ವರ್ಷ ಮಳೆಗಾಲದಲ್ಲಿ ತೊಟ್ಟಿ, ಪೈಪು, ಕಾಂಪೋಸ್ಟ್, ತರಬೇತಿ ಮುಗಿಸಿಕೊಂಡು ಮಳೆ ಬಿಟ್ಟ ಮೇಲೆ ಮಡಿ ತುಂಬಿ ಎಂದು ಕಾಲಪಟ್ಟಿಯಲ್ಲೇ ಬರೆಯಿರಿ. ಮೊದಲ ಬೇಸಿಗೆಗೆ 50 ಶೇಕಡಾ ನೆರಳು ಪರದೆ ಅಂದಾಜು ಪಟ್ಟಿಯಲ್ಲಿ ಇರಲೇಬೇಕು. ಏಪ್ರಿಲ್ ಬಿಸಿಲಿಗೆ ಕೊತ್ತಂಬರಿ, ಪಾಲಕ್ ಹೂವಿಗೆ ಹೋಗಿಬಿಡುತ್ತವೆ.

ಯೋಜನೆಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ, ಇಬ್ಬರ ಸಹಿ ಇರಲಿ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಡಬೇಡಿ; ಟ್ರಸ್ಟಿನ ಲೆಕ್ಕದಲ್ಲಿ ಆ ಖರ್ಚು ನಿಲ್ಲುವುದಿಲ್ಲ. ಸಗಣಿ ಗೊಬ್ಬರ ಮಾರುವವರು, ಕೂಲಿಯವರು ಬಿಲ್ ಕೊಡುವುದಿಲ್ಲ, ನಿಜ. ಅವರ ಹೆಸರು, ಊರು, ಕೆಲಸ, ಮೊತ್ತ, ಸಹಿ ಅಥವಾ ಹೆಬ್ಬೆಟ್ಟು ಇರುವ ವೋಚರ್ ಅಂದೇ ಬರೆಸಿ. ವರ್ಷದ ಕೊನೆಗೆ ಕೂತು ಬರೆದ ವೋಚರ್‌ಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದು ಲೆಕ್ಕಪರಿಶೋಧಕರ ಕಣ್ಣಿಗೆ ಮೊದಲು ಬೀಳುತ್ತವೆ. ಒಂದು ಬಾಬಿನ ಹಣ ಇನ್ನೊಂದಕ್ಕೆ ಬಳಸಬೇಕಾದರೆ ಖರ್ಚಿಗೆ ಮೊದಲು ಇಮೇಲ್ ಕಳಿಸಿ ಒಪ್ಪಿಗೆ ತರಿಸಿಕೊಳ್ಳಿ.

ತೋಟದಲ್ಲಿ ಒಂದು ತಕ್ಕಡಿ, ಒಂದು ಪುಸ್ತಕ ಕಡ್ಡಾಯ. ಕಾಲಂ ಐದೇ ಸಾಕು: ದಿನಾಂಕ, ಮಡಿ ಸಂಖ್ಯೆ, ಬೆಳೆ, ತೂಕ, ಯಾರಿಗೆ ಹೋಯಿತು. ಕೊಯ್ದವರೇ ಬರೆಯಬೇಕು. ಬೆಳೆ ಹಾಳಾದ ವಾರ ಸೊನ್ನೆ ಹಾಕಿ, ಪಕ್ಕದಲ್ಲಿ ಕಾರಣ: ಬಸವನಹುಳು, ನೀರು ನಿಂತದ್ದು, ದನ ನುಗ್ಗಿದ್ದು. ಸೊನ್ನೆಯೇ ಇಲ್ಲದ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಫೋಟೊಗೆ ಜಿಪಿಎಸ್ ಗುರುತು, ದಿನಾಂಕ ಇರಲಿ, ಪ್ರತಿ ತಿಂಗಳೂ ಒಂದೇ ಜಾಗದಲ್ಲಿ ನಿಂತು ತೆಗೆಯಿರಿ. ಉದ್ಘಾಟನೆಯ ಹಾರ ತುರಾಯಿಯ ಫೋಟೊ ಎರಡು ಸಾಕು.

ಕೊನೆಗೆ ಹಣ ಬಳಕೆ ಪ್ರಮಾಣಪತ್ರ. ಚಾರ್ಟರ್ಡ್ ಅಕೌಂಟೆಂಟ್ ಸಹಿಯ ಜೊತೆ ಯುಡಿಐಎನ್ (ಆ ಪತ್ರದ ವಿಶಿಷ್ಟ ಗುರುತಿನ) ಸಂಖ್ಯೆ ಇದೆಯೇ ನೋಡಿ, ಅದಿಲ್ಲದ ಪತ್ರ ವಾಪಸ್ ಬರುತ್ತದೆ. ಖಾತೆಯಲ್ಲಿ ಬಂದ ಬಡ್ಡಿಯನ್ನೂ ತೋರಿಸಬೇಕು, ಉಳಿದ ಹಣವನ್ನು ಒಪ್ಪಂದದಂತೆ ಮರಳಿಸಬೇಕು. ಮಾರ್ಚ್ ಕೊನೆಯ ವಾರದಲ್ಲಿ ಅಕೌಂಟೆಂಟ್ ಯಾರ ಕೈಗೂ ಸಿಗುವುದಿಲ್ಲ, ಕಡತವನ್ನು ಫೆಬ್ರುವರಿಯಲ್ಲೇ ಅವರ ಮೇಜಿಗೆ ತಲುಪಿಸಿ. ಎರಡನೇ ವರ್ಷದ ಅನುದಾನ ಕೇಳುವ ಪತ್ರ ಈ ಪ್ರಮಾಣಪತ್ರದ ಜೊತೆಗೇ ಹೋಗಲಿ, ಮೊತ್ತ ಮೊದಲ ವರ್ಷಕ್ಕಿಂತ ಕಡಿಮೆ ಇರಲಿ, ತೂಕದ ಪುಸ್ತಕದ ಪ್ರತಿ ಮೇಲೆಯೇ ಇರಲಿ.